ಕುದುರೆ ಕಂಡರೆ ಯಾರಿಗೆ ಕಾಲುನೋವು?

"ಕುದುರೆ ಕಂಡರೆ ಕಾಲುನೋವು" ಅಂತ ಗಾದೆ. ಅಲ್ಲಿಯವರೆಗೂ ಆರಾಮಾಗಿ ನಡೆದು ಬಂದವನಿಗೆ ಕುದುರೆ ಕಣ್ಣಿಗೆ ಬಿದ್ದ ಕೂಡಲೇ ಕಾಲು ನೋಯೋಕೆ ಶುರು ಆಗ್ತದೆ. ಹೋದ ಬೇಸಿಗೆಯಲ್ಲಿ ಒಂದು ಮದುವೆ ಮುಗಿಸಿ ಬಂದ ಮೇಲೆ ಈ ಗಾದೆ ನನಗೆ ಬೇರೆ ಥರಾನೇ ಕೇಳಿಸ್ತಾ ಇದೆ. ಬರೀಬೇಕು ಬರೀಬೇಕು ಅಂತ ಮುಂದೂಡ್ತಾನೇ ಬಂದೆ. ಇವತ್ತು ಬರೆದೇಬಿಡ್ತೀನಿ.

ಹುಬ್ಬಳ್ಳಿಯಲ್ಲಿ ಚಿಕ್ಕಪ್ಪನ ಮಗನ ಮದುವೆ. ಮದುಮಗ ಕುದುರೆ ಮೇಲೆ ಹನುಮಪ್ಪನ ಗುಡಿಗೆ ಹೋಗಿ ಬರಬೇಕು. ಕುದುರೆ ಗೊತ್ತು ಮಾಡೋ ಕೆಲಸ ನನ್ನ ಪಾಲಿಗೆ ಬಂತು. ಫೋನಿನಲ್ಲಿ ನಾನು ಕೇಳಿದ್ದು ಎರಡೇ ಪ್ರಶ್ನೆ. "ಬಿಳೇದು ಐತೇನ್ರೀ? ಎಷ್ಟು ತಗೋತೀರಿ?" ಅಷ್ಟೇ. ಹೂವಿನ ಹಾರ ಕೊಳ್ಳುವಾಗ ಇದಕ್ಕಿಂತ ಹೆಚ್ಚು ವಿಚಾರಿಸಿದ್ದೆ.

ಮೆರವಣಿಗೆ ಹೊರಡೋದೇ ತಡ ಆಯ್ತು. ಮುಂದೆ ಡಿಜೆ, ಹಿಂದೆ ಪಟಾಕಿ, ನಡುವೆ ಕುದುರೆ. ಅದು ಹೆಜ್ಜೆಗೊಮ್ಮೆ ತಲೆ ಮೇಲಕ್ಕೆ ಎತ್ತಿ ಎತ್ತಿ ಹಾಕ್ತಿತ್ತು. ಹುಡುಗರಿಗೆ ಖುಷಿಯೋ ಖುಷಿ, "ಕುದುರಿ ಡ್ಯಾನ್ಸ್ ಮಾಡಾಕತ್ತೇತಿ!" ಅಂತ. ನಾನೂ ಮೊಬೈಲಿನಲ್ಲಿ ವಿಡಿಯೋ ಮಾಡ್ಕೊಂಡೆ. ಆಗ ಬೀಗರ ಕಡೆಯ ಹಿರಿಯರೊಬ್ಬರು ನನ್ನ ಭುಜ ತಟ್ಟಿದರು. ಹಿಂದೆ ಟಾಂಗಾ ಹೊಡೀತಿದ್ದವರಂತೆ. "ತಮ್ಮಾ, ಅದು ಕುಣ್ಯಾಕತ್ತಿಲ್ಲೋ. ಮುಂದಿನ ಎಡಗಾಲು ಊರಾಕ ಆಗವಲ್ದು ಅದಕ್ಕ."

ನಾನು ಏನಂದೆ ಗೊತ್ತಾ? "ಗುಡಿ ತನಕ ಒಂದಿಷ್ಟು ಹೋಗಿಬಿಡ್ಲಿ ಬಿಡ್ರಿ ಅಜ್ಜಾರ." ಹೋಯಿತು ಪಾಪ. ಬಂತೂ ಕೂಡ. ರಾತ್ರಿ ಆ ವಿಡಿಯೋ ಹಾಕಿ ನೋಡಿದೆ. ಎಡಗಾಲು ನೆಲಕ್ಕೆ ತಾಗಿದಾಗಲೆಲ್ಲ ತಲೆ ಮೇಲೆ ಹೋಗ್ತಿತ್ತು. ಪ್ರತಿ ಸಲ. ಆ ವಿಡಿಯೋ ಈಗಲೂ ಫೋನಿನಲ್ಲಿದೆ, ಅಳಿಸೋಕೆ ಮನಸ್ಸಾಗಿಲ್ಲ.

ಆಮೇಲೆ ಆ ಅಜ್ಜನ ಮನೆಗೆ ನಾಲ್ಕಾರು ಸಲ ಹೋಗಿ ಕೂತು ಬಂದೆ. ಪಶುವೈದ್ಯ ಗೆಳೆಯನೊಬ್ಬನ ತಲೆಯನ್ನೂ ತಿಂದೆ. ಅವರಿಬ್ಬರಿಂದ ತಿಳಿದದ್ದನ್ನೇ ಕೆಳಗೆ ಬರೀತಿದ್ದೀನಿ.

ಮುಂಗಾಲು ನೋಯುವ ಕುದುರೆ ಆ ಕಾಲಿನ ಮೇಲೆ ಭಾರ ಬೀಳಬಾರದು ಅಂತ ತಲೆ ಎತ್ತುತ್ತದೆ. ನಿಂತಾಗ ಹಿಂಗಾಲು ಒಂದನ್ನು ಸಡಿಲ ಬಿಟ್ಟಿದ್ದರೆ ಚಿಂತೆ ಇಲ್ಲ, ಅದು ಸುಧಾರಿಸಿಕೊಳ್ಳೋ ರೀತಿ. ಆದರೆ ಮುಂಗಾಲನ್ನು ಮುಂದೆ ಚಾಚಿ ನಿಂತಿದ್ದರೆ ಅಲ್ಲಿ ನೋವಿದೆ ಅಂತ ಅರ್ಥ. ಗೊರಸು ನಮ್ಮ ಉಗುರಿನ ಹಾಗೆ ಬೆಳೀತಾನೇ ಇರ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಿ ಲಾಳ ಬದಲಿಸಬೇಕು. ಬಿಟ್ಟರೆ ಇಡೀ ಕಾಲಿನ ಲೆಕ್ಕವೇ ತಪ್ಪಿಹೋಗ್ತದೆ.

ಆದರೆ ಲಾಳ ಕಟ್ಟೋರು ಎಲ್ಲಿದ್ದಾರೆ? ನಮ್ಮ ಕಡೆ ನಾಲಬಂದ ಅನ್ನೋ ಅಡ್ಡಹೆಸರಿನ ಮನೆತನಗಳಿವೆ. ಎತ್ತಿಗೂ ಕುದುರೆಗೂ ನಾಲು ಬಡಿಯೋರು ಅಂತಲೇ ಬಂದ ಹೆಸರು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಟಾಂಗಾ ಹೋಗಿ ಆಟೋ ಬಂತು. ಅಡ್ಡಹೆಸರು ಉಳೀತು, ಕಸುಬು ಹೆಚ್ಚೂಕಡಿಮೆ ಹೋಯ್ತು. ಸ್ಟೇಷನ್ ಮುಂದೆ ಟಾಂಗಾಗಳು ಸಾಲಾಗಿ ನಿಲ್ತಿದ್ದ ಕಾಲದಲ್ಲಿ ಕುದುರೆ ಜೊತೆ ಒಂದು ವ್ಯವಸ್ಥೇನೂ ಇತ್ತು. ನೀರಿನ ದೋಣಿ, ಮರದ ನೆರಳು, ಹುಲ್ಲು ಮಾರೋರು, ನಾಲು ಬಡಿಯೋರು. ಈಗ ಅದಷ್ಟೂ ಹೋಗಿ ಮದುವೆ ಸೀಸನ್ನಿಗೆ ಕುದುರೆ ಮಾತ್ರ ಉಳಿದಿದೆ.

ತಮಾಷೆ ನೋಡಿ. 2018ರಲ್ಲಿ ಅವಳಿ ನಗರದ ನಡುವೆ ಓಡೋಕೆ ಶುರುವಾದ ಬಿಆರ್‌ಟಿಎಸ್ ಬಸ್ಸಿಗೆ ನಾವು ಇಟ್ಟ ಹೆಸರು ಚಿಗರಿ. ಬಸ್ಸಿಗೆ ಪ್ರಾಣಿಯ ಹೆಸರೂ ಉಂಟು, ಅದಕ್ಕಂತಲೇ ಬೇರೆ ರಸ್ತೆಯೂ ಉಂಟು. ಜೀವ ಇರೋ ಕುದುರೆಗೆ ಒಂದು ಬಕೆಟ್ ನೀರು ಸಿಗೋ ಜಾಗ ಇಲ್ಲ :-(

ಕುದುರೆಗೆ ದಿನಕ್ಕೆ ಸುಮಾರು 25ರಿಂದ 40 ಲೀಟರ್ ನೀರು ಬೇಕು, ದುಡಿದ ದಿನ ಇನ್ನೂ ಹೆಚ್ಚು. ನೀರು ಕಡಿಮೆಯಾದರೆ, ಮೇವು ಒಮ್ಮೆಲೇ ಬದಲಾದರೆ ಹೊಟ್ಟೆಶೂಲೆ ಬರ್ತದೆ. ಕುದುರೆಗೆ ವಾಂತಿ ಮಾಡಿಕೊಳ್ಳೋಕೆ ಬರೋದಿಲ್ಲ, ಹಾಗಾಗಿ ಅದರ ಹೊಟ್ಟೆನೋವು ಜೀವಕ್ಕೇ ಮೂಲ ಆಗಬಹುದು. ಪದೇ ಪದೇ ಪಕ್ಕೆ ಕಡೆ ತಿರುಗಿ ನೋಡೋದು, ಕಾಲಿನಿಂದ ನೆಲ ಕೆರೆಯೋದು, ಮಲಗಿ ಹೊರಳಾಡೋದು ಕಂಡರೆ ಕೂಡಲೇ ಡಾಕ್ಟರನ್ನು ಕರೀಬೇಕು. ಗೊಟ್ಟ ತಗೊಂಡು ಎಣ್ಣೆ ಹೊಯ್ಯೋಕೆ ಹೋಗಬಾರದು, ಅದು ಶ್ವಾಸಕೋಶಕ್ಕೆ ಇಳಿಯೋ ಅಪಾಯ ಇದೆ. ಬೂಷ್ಟು ಹಿಡಿದ ಗೋವಿನಜೋಳ ಅಗ್ಗಕ್ಕೆ ಸಿಕ್ತು ಅಂತ ಹಾಕಿದರೆ ಮಿದುಳಿಗೇ ಪೆಟ್ಟು ಬೀಳಬಹುದು.

ಇನ್ನು ಇರೋ ಜಾಗ. ಧಾರವಾಡದ ಜಿಟಿಜಿಟಿ ಮಳೆ, ಕೆಸರು ನಮಗೆ ಚಂದ. ಒದ್ದೆ ನೆಲದ ಮೇಲೆ ನಿಂತ ಕುದುರೆಗೆ ಗೊರಸಿನ ಅಡಿ ಕೊಳೆತು ಕಪ್ಪಗೆ ಸೋರ್ತದೆ, ಗಬ್ಬು ನಾರ್ತದೆ. ಒಣ ನೆಲ, ಗಾಳಿ ಆಡೋ ತಗಡಿನ ಚಪ್ಪರ, ತಿರುಗಿ ಮಲಗೋಕೆ ಹತ್ತು ಹನ್ನೆರಡು ಅಡಿ ಉದ್ದಗಲ ಸಿಕ್ಕರೆ ಸಾಕು. ಒಳಗೆ ಹೋದಾಗ ಉಚ್ಚೆಯ ಘಾಟು ನಮ್ಮ ಕಣ್ಣಿಗೆ ಹೊಡೆದರೆ ಕುದುರೆಯ ಶ್ವಾಸಕೋಶದ ಗತಿ ಏನಾಗಿರಬೇಕು ಯೋಚಿಸಿ.

ಮತ್ತೆ ನಮಗೆ ಬಿಳೀ ಕುದುರೆಯೇ ಬೇಕು, ಎತ್ತರದ್ದೇ ಬೇಕು, ಕಿವಿಯ ತುದಿ ಒಂದಕ್ಕೊಂದು ಬಾಗಿರೋ ಮಾರವಾಡಿಯೇ ಬೇಕು. ಮೂತಿಯ ಚರ್ಮ ಗುಲಾಬಿ ಬಣ್ಣದ್ದಾಗಿರೋ ಬಿಳೀ ಕುದುರೆಗೆ ಬಿಸಿಲಲ್ಲಿ ಸುಟ್ಟಗಾಯ ಆಗ್ತದೆ. ನಮ್ಮ ದಖ್ಖನಿನ ಗಟ್ಟಿ ತಟ್ಟು ಕುದುರೆ ಅಂದರೆ ಭೀಮಥಡಿ. ಭೀಮಾ ನದಿ ದಂಡೆಯಿಂದ ಬಂದ ಹೆಸರು, ಮರಾಠರ ಸೈನ್ಯದಲ್ಲಿ ಓಡಾಡಿದ ಜಾತಿ. ಈಚೆಗಷ್ಟೇ ಅದಕ್ಕೆ ಪ್ರತ್ಯೇಕ ತಳಿ ಅಂತ ಅಧಿಕೃತ ಮಾನ್ಯತೆ ಸಿಕ್ಕಿದೆ. ಅದರ ಮೇಲೆ ಕೂತರೆ ಮದುಮಗನ ಮರ್ಯಾದೆ ಏನೂ ಹೋಗೋದಿಲ್ಲ.

ಇಷ್ಟು ಹೇಳಿದರೆ ಗೆಳೆಯರು "ಹಾಗಾದರೆ ಬ್ಯಾನ್ ಮಾಡಿಬಿಡ್ಲಿ, ಮುಂಬೈಯಲ್ಲಿ ಮಾಡಿಲ್ವಾ" ಅಂತಾರೆ. ಹೌದು, ಮೋಜಿಗಾಗಿ ಓಡಿಸೋ ವಿಕ್ಟೋರಿಯಾ ಗಾಡಿಗಳು ಕಾನೂನುಬಾಹಿರ ಅಂತ 2015ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಆದರೆ ನಾನು ಬ್ಯಾನ್ ಪರ ಅಲ್ಲ. ದುಡಿಮೆ ನಿಂತ ಮರುದಿನವೂ ಕುದುರೆಗೆ ಹಸಿವು ಇರ್ತದೆ. ಸಾಕೋಕಾಗದೆ ಬಿಟ್ಟ ಕುದುರೆ ತಿಪ್ಪೆಯಲ್ಲಿ ಪ್ಲಾಸ್ಟಿಕ್ ತಿನ್ನೋದನ್ನು ನಾನೇ ಕಂಡಿದ್ದೀನಿ. ಸಾಕೋನು ಕೂಡ ಬಡವ. ನಾವು ಕೊಸರಾಡಿ ಇಳಿಸಿದ ಬಾಡಿಗೆ ಕಡಿತ ಆಗೋದು ಅವನ ಊಟದಲ್ಲಿ, ಆಮೇಲೆ ಕುದುರೆಯ ಮೇವಿನಲ್ಲಿ. ನಾನೂ ಕೊಸರಾಡಿದ್ದೆ.

ಕಾನೂನು ಹೊಸದಾಗಿ ಬೇಕಿಲ್ಲ. 1965ರ ಕೇಂದ್ರ ನಿಯಮಗಳ ಪ್ರಕಾರ ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಯನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು. ತಾಪಮಾನ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಲೇಬಾರದು. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮೂರಲ್ಲಿ 37 ದಾಟೋದು ಹೊಸದೇನಲ್ಲ. ನಮ್ಮ ಮದುವೆ ಸೀಸನ್ ಬರೋದೂ ಆಗಲೇ.

ರೋಗದ ವಿಷಯವೂ ಹಾಗೇ. ಗ್ಲ್ಯಾಂಡರ್ಸ್ ಅಂತ ಒಂದಿದೆ, ಮನುಷ್ಯರಿಗೂ ಹರಡಬಲ್ಲದು, ಲಸಿಕೆ ಇಲ್ಲ. ಪರೀಕ್ಷೆಯಲ್ಲಿ ಖಚಿತವಾದರೆ ಕುದುರೆಗೆ ದಯಾಮರಣವೇ ಗತಿ. ಪರಿಹಾರ ಕೊಡುವ ಪದ್ಧತಿ ಇದೆ. ಆದರೆ ಆ ಮಾತು ಸಾಕೋರಿಗೆ ಮೊದಲೇ ಗೊತ್ತಿಲ್ಲದಿದ್ದರೆ ಹೆದರಿ ಮುಚ್ಚಿಡ್ತಾರೆ. ಲಸಿಕೆ ಇರೋ ಧನುರ್ವಾಯುವನ್ನಾದರೂ ತಡೀಬಹುದಲ್ಲ? ಮೊಳೆ ಚುಚ್ಚಿದ ಒಂದು ಗೊರಸು ಸಾಕು ಅದಕ್ಕೆ. ವರ್ಷಕ್ಕೊಮ್ಮೆ ಕುದುರೆ ಸಾಕೋರನ್ನೆಲ್ಲ ಒಂದು ಕಡೆ ಸೇರಿಸಿ ಲಸಿಕೆ, ಜಂತಿನ ಔಷಧಿ, ರಕ್ತಪರೀಕ್ಷೆ, ಲಾಳ ಎಲ್ಲವೂ ಸಿಗೋ ಹಾಗೆ ಒಂದು ಶಿಬಿರ ಮಾಡೋದು ಪಾಲಿಕೆಗೂ ಪಶುಸಂಗೋಪನಾ ಇಲಾಖೆಗೂ ದೊಡ್ಡ ಖರ್ಚೇನಲ್ಲ. ಹುಬ್ಬಳ್ಳಿಯಲ್ಲೊಂದು, ಧಾರವಾಡದಲ್ಲೊಂದು ನೀರಿನ ದೋಣಿ ಕಟ್ಟಿಸೋದಂತೂ ಅಲ್ಲವೇ ಅಲ್ಲ.

ಅದು ಆಗೋ ತನಕ ಬಾಡಿಗೆ ಕೊಡೋ ನಮ್ಮ ಕೈಯಲ್ಲೂ ಒಂದಿಷ್ಟಿದೆ. ಅಡ್ವಾನ್ಸ್ ಕೊಡೋ ಮುಂಚೆ ಕುದುರೆಯನ್ನು ಹತ್ತು ಹೆಜ್ಜೆ ನಡೆಸಿ ನೋಡಿ. ಬಾಯಲ್ಲಿ, ಬೆನ್ನ ಮೇಲೆ ಗಾಯ ಇದೆಯಾ ನೋಡಿ. ಮೆರವಣಿಗೆಯನ್ನು ಬಿಸಿಲು ಇಳಿದ ಮೇಲೆ ಇಟ್ಟುಕೊಳ್ಳಿ, ಡಿಜೆ ದೂರ ಇರಲಿ, ಪಟಾಕಿ ಬೇಡ. ಒಂದು ಬಕೆಟ್ ನೀರು ತಯಾರಿರಲಿ. ಕುದುರೆ ಕುಂಟಿದರೆ ಮದುಮಗ ಇಳಿದು ನಡೀಲಿ. ಪೂರ್ತಿ ಬಾಡಿಗೆ ಕೊಟ್ಟೇ ಕಳಿಸಿ. ಹಾಗೆ ಮಾಡದಿದ್ದರೆ ಮುಂದಿನ ಸಲ ಸಾಕೋನು ಕುಂಟೋ ಕುದುರೆಯನ್ನು ಮುಚ್ಚಿಟ್ಟು ತರ್ತಾನೆ.

ಮಾಘದಲ್ಲಿ ಮನೆಯಲ್ಲಿ ಇನ್ನೊಂದು ಮದುವೆ ಇದೆ. ಕುದುರೆ ನೋಡೋ ಕೆಲಸ ಮತ್ತೆ ನನಗೇ ಬಂದಿದೆ. ಅಜ್ಜನನ್ನು ಜೊತೆಗೆ ಬರ್ತೀರಾ ಅಂತ ಕೇಳಿದೆ. "ಬರ್ತೀನಿ, ಆದ್ರ ನಾ ಬ್ಯಾಡ ಅಂದ್ರ ಬ್ಯಾಡಾನೇ ಮತ್ತ" ಅಂದಿದ್ದಾರೆ. ಒಪ್ಪಿದ್ದೀನಿ.

ನಿಮ್ಮೂರಲ್ಲಿ ಟಾಂಗಾ ಸ್ಟ್ಯಾಂಡ್ ಇತ್ತಾ? ಅಲ್ಲಿನ ನೀರಿನ ದೋಣಿ ಈಗ ಏನಾಗಿದೆ? ನೆನಪಿದ್ದರೆ ಬರೀರಿ.