ತನ್ನ ಮಾರಿ ತಾನೇ ಬರೆಯಲು ಹುಡುಗನಿಗೆ ಒಂಬತ್ತು ದಿನ ಕೊಡಬಾರದೇ?

ಕಳೆದ ತಿಂಗಳು ಒಂದು ಶನಿವಾರ ಕಮಲಾಪುರದಿಂದ ಕಲಬುರಗಿಗೆ ಬರುವ ಬಸ್ಸಿನಲ್ಲಿ ಹದಿನೈದರ ಹುಡುಗನೊಬ್ಬ ಎರಡೂ ಕಿವಿ ಮುಚ್ಚಿಕೊಂಡು, ಹಿಂದಕ್ಕೂ ಮುಂದಕ್ಕೂ ತೂಗುತ್ತ, "ಸೋಮವಾರ ಕೊಡಬೇಕು, ಸೋಮವಾರ ಕೊಡಬೇಕು" ಎಂದು ಒಂದೇ ಮಾತು ಹೇಳುತ್ತ ಕೂತಿದ್ದ. ಪಕ್ಕದಲ್ಲಿ ತಾಯಿ. ನಮ್ಮ ಬಸ್ಸುಗಳಲ್ಲಿ ಸಲಹೆಗಾರರಿಗೇನು ಬರವೇ? ಒಬ್ಬರು "ತಾಯತ ಕಟ್ಟಸ್ರಿ" ಅಂದರು. ಇನ್ನೊಬ್ಬರು "ಎರಡು ಬಿಟ್ರ ಸುಮ್ಮನಾಗ್ತಾನ" ಅಂದರು. ಈ ಬರಹಗಾರನೂ ಮೊದಲು ಕಿಟಕಿ ಕಡೆ ತಿರುಗಿ ಕೂತವನೇ, ಸುಳ್ಳ್ಯಾಕೆ ಹೇಳಲಿ.

ಮಹಾಗಾಂವ್ ಕ್ರಾಸ್ ದಾಟಿದ ಮೇಲೆ ಆ ತಾಯಿ ತಾನಾಗಿಯೇ ಹೇಳಿದಳು. "ಡ್ರಾಯಿಂಗ್ ಮಾಸ್ತರು ಕನ್ನಡಿ ನೋಡಿ ನಿಮ್ಮ ಮಾರಿ ನೀವೇ ಬರ್ಕೊಂಡು ಬರ್ರಿ ಅಂದಾರ್ರಿ. ಐದು ದಿನ ಆತು, ಇಂವ ನೆಟ್ಟಗ ಉಂಡಿಲ್ಲ, ಮಲಗಿಲ್ಲ. ಸಾಲಿಗೆ ಹೋಗಂಗಿಲ್ಲ ಅಂತಾನ." ಸುರುಳಿ ಬಿಚ್ಚಿ ತೋರಿಸಿದಳು. ಹಾಳೆಯ ನಡುವೆ ರಬ್ಬರು ತಿಕ್ಕಿ ತಿಕ್ಕಿ ತೂತು ಬಿದ್ದಿತ್ತು. ಅಷ್ಟೇ, ಬೇರೆ ಏನೂ ಇಲ್ಲ.

ಹುಡುಗನಿಗೆ ಇರುವುದು ಆಟಿಸಂ. ಪುಸ್ತಕದ ಕನ್ನಡದಲ್ಲಿ ಸ್ವಲೀನತೆ ಅನ್ನುತ್ತಾರೆ. ಹುಚ್ಚಲ್ಲ, ಅಂಟುರೋಗ ಅಲ್ಲ. ಹುಟ್ಟಿನಿಂದಲೇ ಮೆದುಳು ಬೆಳೆಯುವ ರೀತಿ ಬೇರೆ. 1943ರಲ್ಲಿ ಅಮೆರಿಕದ ಡಾಕ್ಟರು ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ನೋಡಿ ಇದರ ಬಗ್ಗೆ ಬರೆದರು. ಆಮೇಲೆ ಬಹಳ ವರ್ಷ ದೊಡ್ಡ ದೊಡ್ಡ ಡಾಕ್ಟರುಗಳೇ, ತಾಯಿಯ ಪ್ರೀತಿ ಸಾಲದೆ ಮಕ್ಕಳು ಹೀಗಾಗುತ್ತಾರೆ ಎಂದು ಹೇಳಿ ಎಷ್ಟೋ ತಾಯಂದಿರನ್ನು ಅಳಿಸಿದರು. ಅದು ಶುದ್ಧ ಸುಳ್ಳೆಂದು ತೀರ್ಮಾನವಾಗಿ ದಶಕಗಳಾದವು. ಬಸ್ಸಿನಲ್ಲಿ ಇನ್ನೂ ತೀರ್ಮಾನವಾದಂತೆ ಕಾಣಲಿಲ್ಲ.

ಇಂಥ ಎಷ್ಟೋ ಮಕ್ಕಳಿಗೆ ಮತ್ತೊಬ್ಬರ ಕಣ್ಣಿಗೆ ಕಣ್ಣು ಕೊಟ್ಟು ನೋಡುವುದೇ ಹಿಂಸೆ. ಈ ಹುಡುಗನಿಗೆ ಕನ್ನಡಿಯಲ್ಲಿ ತನ್ನದೇ ಕಣ್ಣು ನೋಡುವುದೂ ಆಗದು. ಮೇಲಾಗಿ ಮಾತು ಖಚಿತವಾಗಿರಬೇಕು. "ನಿನ್ನ ಮಾರಿ ಬರಿ" ಅಂದರೆ ನಮಗೆ ಸಲೀಸು. ಅವನು ಎದ್ದು ನಿಂತು ಕೇಳಿದನಂತೆ: "ಚಷ್ಮಾ ಹಾಕಿದ ಮಾರಿಯೋ, ತೆಗೆದದ್ದೋ? ಇವತ್ತಿನದೋ, ಸೋಮವಾರದ್ದೋ?" ಕ್ಲಾಸಿಗೆ ಕ್ಲಾಸೇ ನಕ್ಕಿತು. ಮಾಸ್ತರು ಉದ್ಧಟತನ ಎಂದು ತಿಳಿದು ಕೂಡಿಸಿದರು. ಸ್ವಾಮಿ, ಆ ಪ್ರಶ್ನೆಯಲ್ಲಿ ತಪ್ಪೇನಿದೆ? ಉತ್ತರ ಕೊಟ್ಟಿದ್ದರೆ ಅರ್ಧ ಸಂಕಟ ಅಲ್ಲೇ ಮುಗಿಯುತ್ತಿತ್ತು.

ತಾಯಿ ಮಗ ಹೊರಟಿದ್ದು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಗೆ, ಹುಡುಗನ ಸೋದರಮಾವನ ಹತ್ತಿರ. ಮಾವ ಬೋರ್ಡ್ ಬರೆಯುವವ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಮ್ಮಿ, ಕುಂಚ ಮಾತ್ರ ಬಿಟ್ಟಿಲ್ಲ. ನಾನೂ ಜೊತೆಗೆ ಹೋದೆ. ಮೊದಲು ಸುದ್ದಿಯ ಆಸೆಗೆ, ಆಮೇಲೆ ಕೂತು ನೋಡುವ ಆಸೆಗೆ.

ಮಾವ ಕನ್ನಡಿ ತರಲಿಲ್ಲ. ಹುಡುಗನ ಪಾಸ್‌ಪೋರ್ಟ್ ಫೋಟೋ ಈಸಿಕೊಂಡ. ಮೂರೂವರೆ ಸೆಂಟಿಮೀಟರು ಅಗಲ, ನಾಲ್ಕೂವರೆ ಎತ್ತರ. ಅದರ ಮೇಲೆ ಅರ್ಧ ಅರ್ಧ ಸೆಂಟಿಮೀಟರಿಗೆ ಗೆರೆ ಎಳೆದ. ಅಡ್ಡ 7, ಉದ್ದ 9, ಒಟ್ಟು 63 ಚೌಕ. ಎ-4 ಹಾಳೆಯ ಮೇಲೆ ಮೂರು ಮೂರು ಸೆಂಟಿಮೀಟರಿನ ಅಷ್ಟೇ ಚೌಕ ಹಾಕಿದ. ಹಾಳೆ 21 ಸೆಂಟಿಮೀಟರು ಅಗಲ, ಏಳು ಚೌಕ ಕೂದಲೆಳೆ ಮಿಗದಂತೆ ಕೂತವು. ಹುಡುಗ ಮೊದಲ ಸಲ ಕಿವಿಯಿಂದ ಕೈ ತೆಗೆದ. ಬಳಿಕ ಮಾವ ಒಂದು ರಟ್ಟಿಗೆ ಒಂದೇ ಚೌಕ ಕಾಣುವಷ್ಟು ಕಿಂಡಿ ಕೊರೆದು ಫೋಟೋ ಮೇಲಿಟ್ಟ. "ಮಾರಿ ಬರೀಬ್ಯಾಡ. ಈ ಕಿಂಡ್ಯಾಗ ಕಾಣೋ ಗೆರಿ ಆ ಚೌಕದಾಗ ಹಾಕು. ದಿನಕ್ಕ ಒಂದು ಸಾಲು. ಒಂಬತ್ತು ದಿನಕ್ಕ ಮುಗೀತದ." ಕಿಂಡಿಯೊಳಗೆ ಕಣ್ಣಿಲ್ಲ, ಮೂಗಿಲ್ಲ, ಬರೀ ಗೆರೆ. ಕೆಲಸಕ್ಕೆ ಇಂಥಲ್ಲಿ ಶುರು, ಇಂಥಲ್ಲಿ ಮುಗಿವು ಅಂತ ಗೊತ್ತಾದದ್ದೇ ತಡ, "ಸೋಮವಾರ" ನಿಂತುಹೋಯಿತು.

ಸಿನಿಮಾ ಬ್ಯಾನರ್ ಬರೆಯುವವರೆಲ್ಲ ಬಲ್ಲ ಹಳೇ ಉಪಾಯ ಇದು. ಕಳ್ಳದಾರಿ ಅನ್ನುವವರು ಅಮೆರಿಕದ ಚಕ್ ಕ್ಲೋಸ್ ಎಂಬ ಚಿತ್ರಗಾರನ ಕಥೆ ಕೇಳಬೇಕು. 2021ರಲ್ಲಿ ತೀರಿಕೊಂಡ ಈತನಿಗೆ ಆಟಿಸಂ ಇರಲಿಲ್ಲ, ಆದರೆ ಮುಖಗಳ ಗುರುತೇ ಹತ್ತುತ್ತಿರಲಿಲ್ಲ. ಆತನೂ ಫೋಟೋಕ್ಕೆ ಚೌಕ ಹಾಕಿಯೇ ಆಳೆತ್ತರದ ಮುಖಗಳನ್ನು ಬರೆದ, ತನ್ನದನ್ನೂ ಬರೆದ. ಜಗತ್ತಿನ ದೊಡ್ಡ ಮ್ಯೂಸಿಯಂಗಳಲ್ಲಿ ಅವು ತೂಗುತ್ತಿವೆ. ನಮ್ಮೂರೇನು ಕಮ್ಮಿ? 1916ರಲ್ಲಿ ಇಲ್ಲೇ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರಿನ ದೇವರುಗಳನ್ನು ಬರೆದು ಹೆಸರಾದವರು. ನಿಮ್ಮ ಅಪ್ಪಂದಿರ ಅಂಗಡಿ ಗೋಡೆಗೂ ಅವರ ಚಿತ್ರ ಬಂದು ಹೋಗಿರಬಹುದು. ಇಂಥ ಊರಿನ ಸಾಲಿಗಳಲ್ಲಿ ಚಿತ್ರಕ್ಕೆ ಒಂದೇ ದಾರಿ ಅಂದರೆ ಹೇಗೆ?

ಈಗ ಬೇಕಾಗಿದ್ದು ಒಂಬತ್ತು ದಿನ. ಸೋಮವಾರ ತಾಯಿ ಹೋಗಿ ಹೆಡ್ ಮಾಸ್ತರರಿಗೆ ಕೈಮುಗಿದಳು. (ಸಾಲಿಯ ಹೆಸರು ಬೇಡ.) "ಒಬ್ಬಂಗ ಕೊಟ್ರ ನಲವತ್ತು ಮಂದಿ ಕೇಳ್ತಾರ, ಎಲ್ಲಾರಿಗೂ ಒಂದೇ ರೂಲ್" ಅಂದರು. ವ್ಯಾಪಾರಸ್ಥರೇ, ನಿಮ್ಮ ಅಂಗಡಿಗೆ ಬಂದ ಮುದುಕಿಗೆ ಸ್ಟೂಲು ಹಾಕಿದರೆ ಉಳಿದ ಗಿರಾಕಿಗಳು ನಮಗೂ ಸ್ಟೂಲು ಹಾಕು ಅಂತ ಜಗಳ ತೆಗೆಯುತ್ತಾರೆಯೇ?

ರೂಲಿನ ಮಾತು ಬಂತಲ್ಲ, ರೂಲೇ ಹೇಳುತ್ತೇನೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 2016ರ ಹೊಸ ಕಾಯ್ದೆಯಲ್ಲಿ 21 ಬಗೆಗಳಿವೆ, ಅವುಗಳಲ್ಲಿ ಆಟಿಸಂ ಒಂದು. ಸರ್ಕಾರದ ದುಡ್ಡು ಅಥವಾ ಮಾನ್ಯತೆ ಪಡೆದ ಸಾಲಿಗಳಲ್ಲಿ ಆಯಾ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಸಿಗಬೇಕೆಂದು ಅದರ 16ನೇ ಕಲಮು ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚಿನ ವೇಳೆಯ ಮಾತು 17ನೇ ಕಲಮಿನಲ್ಲಿದೆ. ಒಂಬತ್ತು ದಿನ ಕೇಳುವುದು ಭಿಕ್ಷೆಯಲ್ಲ.

ಡ್ರಾಯಿಂಗ್ ಮಾಸ್ತರರನ್ನೂ ಕಂಡೆ. ಜಗಳಕ್ಕೆಂದೇ ಹೋಗಿದ್ದೆ. ಆ ಮನುಷ್ಯ ಎರಡು ಸಾಲಿ ಸುತ್ತುವವರು. "ಹುಡುಗಗ ಹೀಂಗದ ಅಂತ ನಂಗ ಯಾರೂ ಹೇಳಿಲ್ರಿ" ಅಂದರು. ತಾಯಿ ಅಡ್ಮಿಷನ್ ದಿನವೇ ಡಾಕ್ಟರ ಚೀಟಿ ಕೊಟ್ಟಿದ್ದಾಳೆ. ಅದು ಆಫೀಸಿನ ಫೈಲಿನಲ್ಲಿ ತಣ್ಣಗೆ ಮಲಗಿದೆ. ಫೈಲಿನಿಂದ ಕ್ಲಾಸಿಗೆ ಇಪ್ಪತ್ತು ಹೆಜ್ಜೆ, ಎರಡು ವರ್ಷವಾದರೂ ತಲುಪಿಲ್ಲ! ಸಿಟ್ಟು ಬರುವುದು ಇಲ್ಲಿ. ಮಾಸ್ತರು ಅಲ್ಲೇ ಒಪ್ಪಿದರು: ಒಂಬತ್ತು ದಿನ ತಗೊಳ್ಳಲಿ, ಪಾಲಕರ ಸಭೆಯ ದಿನ ಗೋಡೆಗೆ ಹಚ್ಚುವುದಿಲ್ಲ. ಗೋಡೆಯ ಭಯವೇ ಹುಡುಗನಿಗೆ ಹೆಚ್ಚಿತ್ತೆಂದು ಆಮೇಲೆ ತಿಳಿಯಿತು.

ಹತ್ತನೇ ದಿನ ಚಿತ್ರ ಕೊಟ್ಟ. ಚಷ್ಮಾ ಹಾಕಿದ ಮಾರಿ, ನೋಡಿದವರು ಇಂಥವನೇ ಎಂದು ಹೇಳುವಷ್ಟು ಸರಿಯಾಗಿದೆ. ಇಪ್ಪತ್ತಕ್ಕೆ ಹತ್ತು ಅಂಕ ಬಿತ್ತು, ತಡವಾದದ್ದಕ್ಕೆ ಕಡಿತ ಮಾಡಲು ಮೇಲಿನಿಂದ ಹೇಳಿದ್ದರಂತೆ. ಆ ಕಡಿತವನ್ನು ಹೆಡ್ ಮಾಸ್ತರರು ವಾಪಸು ತೆಗೆದುಕೊಳ್ಳಬೇಕು, ಚೀಟಿಯ ವಿಷಯ ಎಲ್ಲ ಮಾಸ್ತರರಿಗೂ ಮುಟ್ಟಿಸಬೇಕು. ಈ ಅಂಕಣ ಅಷ್ಟನ್ನೇ ಕೇಳುತ್ತದೆ.

ಅಂಕದ ಗೊಡವೆ ಹುಡುಗನಿಗಿಲ್ಲ. ಮಾಸ್ತರರ ಕೆಂಪು ಶಾಯಿಯ ಟಿಕ್ಕು ಐದನೇ ಸಾಲಿನ ನಾಲ್ಕನೇ ಚೌಕದ ಮೇಲೆ ಬಿದ್ದಿದೆ. ಹೊಸ ಹಾಳೆಗೆ ಗೆರೆ ಹಾಕಿಕೊಂಡು ಮೊದಲ ಸಾಲಿನಿಂದ ಮತ್ತೆ ಬರೀಲಾಕ ಕೂತಾನಂತೆ.