ಚುಕ್ಕಿಗಳ ಹಿಂದಿರುವ ಕುಟುಂಬ

ಆಸ್ಟ್ರೇಲಿಯದಲ್ಲಿ ನೆಲೆಸಿದ ಮಕ್ಕಳನ್ನು ಕಂಡು ಊರಿಗೆ ಮರಳುವ ನಮ್ಮ ಹಿರಿಯರ ಪೆಟ್ಟಿಗೆಯಲ್ಲಿ ಚುಕ್ಕಿಗಳಿಂದ ಅಲಂಕರಿಸಿದ ಬೂಮರಾಂಗ್, ತಟ್ಟೆ, ಕೈಚೀಲಗಳು ಇರುವುದುಂಟು. ಅವುಗಳ ಅಂದವನ್ನು ನಾವೆಲ್ಲರೂ ಮೆಚ್ಚುತ್ತೇವೆ. ಆದರೆ ಆ ಚಿತ್ರ ಯಾರದೆಂದು ಕೇಳುವವರು ವಿರಳ. ಅಲ್ಲಿನ ಸರಕಾರದ ಉತ್ಪಾದಕತಾ ಆಯೋಗವು 2022ರಲ್ಲಿ ನೀಡಿದ ವರದಿಯಂತೆ, ಮೂಲನಿವಾಸಿಗಳ ಶೈಲಿಯೆಂದು ಮಾರಾಟವಾಗುವ ಸ್ಮರಣಿಕೆಗಳಲ್ಲಿ ಅರ್ಧಕ್ಕೂ ಹೆಚ್ಚಿನವು ನಕಲಿ. ಇದನ್ನು ಕೇವಲ ವ್ಯಾಪಾರದ ವಂಚನೆಯೆಂದು ಭಾವಿಸಿದರೆ ವಿಷಯದ ತಿರುಳು ನಮಗೆ ದಕ್ಕದು.

ಮನುಷ್ಯನು ತನ್ನ ದುಡಿಮೆಯನ್ನು ಯಾವುದರಲ್ಲಿ ಬೆರೆಸುತ್ತಾನೋ ಅದು ಅವನ ಸ್ವತ್ತಾಗುತ್ತದೆ ಎಂದು ತತ್ವಜ್ಞಾನಿ ಜಾನ್ ಲಾಕ್ ವಾದಿಸಿದರು. ಚಿತ್ರ ಬರೆದವನದೇ ಚಿತ್ರ ಎಂಬ ನಮ್ಮ ಸಹಜ ನಂಬಿಕೆಯೂ ಇದೇ. ಉತ್ತರ ಆಸ್ಟ್ರೇಲಿಯದ ಅರ್ನ್‌ಹೆಮ್ ಲ್ಯಾಂಡಿನ ಯೋಲಂಗು ಜನರ ಚಿಂತನೆ ಬೇರೆ. ಅವರಲ್ಲಿ ಕುಲದ ಪೂರ್ವಜರ ಕಥೆಯನ್ನು ಹೇಳುವ ಚಿತ್ರವನ್ನು ಬರೆಯುವ ಹಕ್ಕು ತಂದೆಯ ಕುಲದಿಂದ ಬರುತ್ತದೆ. ತಾಯಿಯ ಕುಲದ ಚಿತ್ರಗಳು ಕ್ರಮಬದ್ಧವಾಗಿವೆಯೇ ಎಂದು ನೋಡಿಕೊಳ್ಳುವ ಹೊಣೆಯೂ ಮಕ್ಕಳ ಮೇಲಿರುತ್ತದೆ. ಕಲಾವಿದನು ಕಥೆಯ ಒಡೆಯನಲ್ಲ, ಪಾಲಕ.

ಇದನ್ನು ಅರಿಯದ ಹೊರಗಿನವರು ಎಂತಹ ತಪ್ಪೆಸಗಬಹುದು ಎಂಬುದಕ್ಕೆ 1966ರ ಆಸ್ಟ್ರೇಲಿಯದ ಒಂದು ಡಾಲರ್ ನೋಟೇ ಸಾಕ್ಷಿ. ಅದರ ಮೇಲೆ ಮುದ್ರಿಸಿದ್ದ ತೊಗಟೆಯ ಚಿತ್ರವನ್ನು ಯಾವನೋ ಅನಾಮಧೇಯನದೆಂದು ಭಾವಿಸಲಾಗಿತ್ತು. ಆದರೆ ಅದನ್ನು ಬರೆದ ಡೇವಿಡ್ ಮಲಂಗಿ ಆಗ ಜೀವಂತರಾಗಿದ್ದರು! ಚಿತ್ರದಲ್ಲಿದ್ದುದು ಅವರ ಕುಲದ ಪೂರ್ವಜನಾದ ಬೇಟೆಗಾರನ ಅಂತ್ಯಕ್ರಿಯೆ. ಬಳಿಕ ತಪ್ಪರಿತು ಅವರಿಗೆ ಹಣವನ್ನೂ ಪದಕವನ್ನೂ ನೀಡಲಾಯಿತು. ಒಂದು ಮನೆತನದ ಶೋಕವು ಅವರನ್ನೊಂದು ಮಾತೂ ಕೇಳದೆ ಇಡೀ ದೇಶದ ಕಿಸೆ ಸೇರಿತ್ತು.

ಧರ್ಮಸಭೆಗಳಿಗೂ ಈ ವಿಷಯದಲ್ಲಿ ಆತ್ಮಪರಿಶೋಧನೆ ಸಲ್ಲುತ್ತದೆ. ಯಿರ್ಕಲಾದ ಹಿರಿಯರು 1962-63ರಲ್ಲಿ ತಮ್ಮ ಎರಡೂ ಕುಲವಿಭಾಗಗಳ ಪವಿತ್ರ ಚಿತ್ರಗಳನ್ನು ಎರಡು ದೊಡ್ಡ ಹಲಗೆಗಳ ಮೇಲೆ ಬರೆದು ಅಲ್ಲಿನ ಮೆಥೊಡಿಸ್ಟ್ ದೇವಾಲಯಕ್ಕೆ ಅರ್ಪಿಸಿದರು. 1963ರಲ್ಲಿಯೇ, ತಮ್ಮ ನೆಲವನ್ನು ಗಣಿಗಾರಿಕೆಗೆ ಕೊಡಬಾರದೆಂಬ ಮನವಿಯನ್ನು ಚಿತ್ರಿತ ತೊಗಟೆಯ ಚೌಕಟ್ಟಿನಲ್ಲಿ ಸಂಸತ್ತಿಗೆ ಕಳುಹಿಸಿದರು. ಚಿತ್ರವೇ ಅವರ ಹಕ್ಕುಪತ್ರವಾಗಿತ್ತು. ದೇವಾಲಯದ ಹಲಗೆಗಳನ್ನಾದರೋ 1970ರ ದಶಕದಲ್ಲಿ ಹೊರಗೆ ಹಾಕಲಾಯಿತು. ಇಂದು ಅವು ಆ ಊರಿನ ಕಲಾಕೇಂದ್ರದಲ್ಲಿ ಗೌರವದಿಂದಿವೆ.

ಅದು ಅನ್ಯ ಸಭೆಯ ಮಾತೆಂದು ಕಥೋಲಿಕರಾದ ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ನಮ್ಮ ಮಿಷನ್‌ಗಳಲ್ಲಿಯೂ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ ವಸತಿಗೃಹಗಳಲ್ಲಿ ಬೆಳೆಸಿದ್ದುಂಟು. ಕಥೆಯ ಹಕ್ಕು ಕುಟುಂಬದಿಂದಲೇ ಬರುವಾಗ, ಕುಟುಂಬದಿಂದ ಕಿತ್ತ ಮಗುವು ಕಳೆದುಕೊಂಡದ್ದು ತಾಯಿಯ ಮಡಿಲನ್ನು ಮಾತ್ರವೇ? ತನ್ನ ನೆಲ, ತನ್ನ ಕಥೆ, ಅದನ್ನು ಬರೆಯುವ ಅಧಿಕಾರ ಎಲ್ಲವನ್ನೂ ಅದು ಕಳೆದುಕೊಂಡಿತು.

ಈ ಗಾಯವನ್ನು ಬಲ್ಲವರಾಗಿಯೇ ಜಗದ್ಗುರು ಎರಡನೆಯ ಜಾನ್ ಪೌಲರು 1986ರ ನವೆಂಬರ್ 29ರಂದು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮೂಲನಿವಾಸಿಗಳೊಡನೆ ಮಾತನಾಡಿದರು. ಅವರ ಕೊಡುಗೆಯನ್ನು ಇತರರು ಸಂತೋಷದಿಂದ ಸ್ವೀಕರಿಸುವ ತನಕ ಆಸ್ಟ್ರೇಲಿಯದ ಧರ್ಮಸಭೆಯು ಯೇಸು ಬಯಸುವ ಪೂರ್ಣತೆಯನ್ನು ಪಡೆಯದು ಎಂಬುದು ಅವರ ಮಾತಿನ ಸಾರ. ಕೊಡುವುದನ್ನು ಪುಣ್ಯವೆಂದು ನಾವು ಬಲ್ಲೆವು; ಸ್ವೀಕರಿಸುವುದೂ ಪುಣ್ಯವೆಂದು ಇನ್ನೂ ಕಲಿಯಬೇಕಾಗಿದೆ.

ಆ ಕೊಡುಗೆಗೆ ಡೇಲಿ ನದಿಯ ಕಥೋಲಿಕ ಮಹಿಳೆ ಮಿರಿಯಂ-ರೋಸ್ ಉಂಗುನ್ಮೆರ್-ಬೌಮನ್ ಅವರ ಶಿಲುಬೆ ಹಾದಿಯೇ ನಿದರ್ಶನ. 1970ರ ದಶಕದಲ್ಲಿ ಅವರು ಪ್ರಭುವಿನ ಯಾತನೆಯ ಹದಿನಾಲ್ಕು ಸ್ಥಳಗಳನ್ನು ತಮ್ಮ ಜನರ ಚಿತ್ರಭಾಷೆಯಲ್ಲಿ ಬರೆದರು. ಮೌನವಾಗಿ, ಆಳವಾಗಿ ಆಲಿಸುವುದಕ್ಕೆ ಅವರ ಭಾಷೆಯಲ್ಲಿರುವ 'ದದಿರ್ರಿ' ಎಂಬ ಪದವನ್ನು ಜಗತ್ತಿಗೆ ಪರಿಚಯಿಸಿದವರೂ ಅವರೇ. ಕುಲದ ಭಾಷೆಯನ್ನು ಬಿಡದೆಯೇ ಕ್ರಿಸ್ತನನ್ನು ಕಾಣಬಹುದೆಂಬುದಕ್ಕೆ ಬೇರೆ ಪುರಾವೆ ಬೇಕೇ?

ಆದುದರಿಂದ ಅಲ್ಲಿಗೆ ಹೋಗುವ ನಮ್ಮ ಬಾಂಧವರಲ್ಲಿ ನಮ್ಮದೊಂದು ವಿನಂತಿ. ಉಡುಗೊರೆ ಕೊಳ್ಳುವ ಮುನ್ನ ಬರೆದವರ ಹೆಸರೇನು, ಅವರು ಯಾವ ಊರಿನ ಯಾವ ಜನ, ಹಣದಲ್ಲಿ ಅವರ ಪಾಲೆಷ್ಟು ಎಂದು ವಿಚಾರಿಸಿರಿ. ಮೂಲನಿವಾಸಿಗಳೇ ನಡೆಸುವ ಕಲಾಕೇಂದ್ರಗಳಲ್ಲಿ ಇದಕ್ಕೆ ಉತ್ತರ ದೊರೆಯುತ್ತದೆ. ಮರುಭೂಮಿಯ ಕಲಾವಿದರು ತಮ್ಮದೇ ಒಡೆತನದಲ್ಲಿ 'ಪಪುನ್ಯ ತುಲಾ' ಸಂಸ್ಥೆಯನ್ನು ಸ್ಥಾಪಿಸಿದ್ದು 1972ರಷ್ಟು ಹಿಂದೆ. ಉತ್ತರ ಸಿಗದಿದ್ದರೆ ವಸ್ತುವನ್ನು ಅಲ್ಲಿಯೇ ಬಿಟ್ಟು ಬನ್ನಿರಿ. ನೆರೆಯವನ ಸೊತ್ತನ್ನು ಆಶಿಸಬಾರದೆಂಬ ಕಟ್ಟಳೆಯು ಅವನ ಹೊಲ ಮನೆಗಳಿಗೆ ಮಾತ್ರವಲ್ಲ, ಅವನ ಅಜ್ಜ ಅಜ್ಜಿಯರು ಬಿಟ್ಟುಹೋದ ಕಥೆಗೂ ಅನ್ವಯಿಸುತ್ತದೆ.