ಕಾವು ಕೂರುವ ಕೋಳಿ ಉಳಿಯಬೇಕು

ಗ್ರಾಮೋದ್ಧಾರದ ಮಾತು ಬಂದಾಗಲೆಲ್ಲ ದೊಡ್ಡ ದೊಡ್ಡ ಯೋಜನೆಗಳ ಹೆಸರುಗಳೇ ಕಿವಿಗೆ ಬೀಳುವುದು ನಮ್ಮಲ್ಲಿ ವಾಡಿಕೆಯಾಗಿದೆ. ಅಣೆಕಟ್ಟು, ಕಾರ್ಖಾನೆ, ಹೆದ್ದಾರಿಗಳ ಮುಂದೆ ಹಿತ್ತಿಲಿನ ನಾಲ್ಕು ಕೋಳಿಗಳ ವಿಚಾರವನ್ನು ಎತ್ತಿದರೆ ಕೆಲವು ವಾಚಕರು ನಕ್ಕಾರು. ನಗುವ ಮೊದಲು ಅವರು ಒಂದು ಲೆಕ್ಕವನ್ನು ನೋಡಬೇಕೆಂದು ನಮ್ಮ ಬಿನ್ನಹ. 2019ರ ಇಪ್ಪತ್ತನೆಯ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಕೋಳಿ ಮೊದಲಾದ ಸಾಕುಪಕ್ಷಿಗಳ ಸಂಖ್ಯೆ 85 ಕೋಟಿಗೆ ಮಿಕ್ಕಿತ್ತು. ಇವುಗಳಲ್ಲಿ ಸುಮಾರು 31.7 ಕೋಟಿ ಹಿತ್ತಿಲಿನವು. ಹಿಂದಿನ ಗಣತಿಯಾದ 2012ರಿಂದ ಈಚೆಗೆ ದೊಡ್ಡ ಫಾರಂಗಳ ಕೋಳಿಗಳು ನೂರಕ್ಕೆ ನಾಲ್ಕೂವರೆಯಷ್ಟು ಮಾತ್ರ ಹೆಚ್ಚಿದ್ದರೆ, ಹಿತ್ತಿಲಿನವು ನೂರಕ್ಕೆ ಸುಮಾರು 46ರಷ್ಟು ಹೆಚ್ಚಿದುವು. ಬಡವರ ಮನೆಯ ಈ ಕಸಬು ಸಾಯುತ್ತಿಲ್ಲ, ಬೆಳೆಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಏಳಿಗೆಯಲ್ಲಿ ನಮ್ಮ ವಿಜ್ಞಾನಿಗಳ ಪಾಲೂ ಇದೆ. ಅದನ್ನು ಮರೆಯುವುದು ಕೃತಘ್ನತೆಯಾದೀತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹಳ್ಳಿಯ ಹಿತ್ತಿಲಿಗೆಂದೇ ಗಿರಿರಾಜ ತಳಿಯನ್ನು ಬೆಳೆಸಿದರು. 2005ರಲ್ಲಿ ಸ್ವರ್ಣಧಾರ ಬಂದಿತು. ಹೈದರಾಬಾದಿನ ಕೋಳಿ ಸಂಶೋಧನಾಲಯದಿಂದ ವನರಾಜ, ಗ್ರಾಮಪ್ರಿಯ ಎಂಬ ತಳಿಗಳು ಬಂದುವು. ನಮ್ಮ ನಾಟಿ ಹೇಂಟೆ ವರ್ಷಕ್ಕೆ ಐವತ್ತರಿಂದ ಎಂಬತ್ತು ಮೊಟ್ಟೆ ಇಡುವಲ್ಲಿ ಈ ಸುಧಾರಿತ ತಳಿಗಳು ಅದರ ಎರಡರಷ್ಟನ್ನು ಇಡುತ್ತವೆ. ಮೈತೂಕವೂ ಬೇಗ ಬರುತ್ತದೆ. ಬಣ್ಣದ ಗರಿಯಾದುದರಿಂದ ಪೇಟೆಯಲ್ಲಿ ನಾಟಿ ಕೋಳಿಗೆ ಹತ್ತಿರದ ಬೆಲೆಯೂ ಸಿಕ್ಕುತ್ತದೆ. ಇಲಾಖೆಯವರು ಇಂಥ ಮರಿಗಳನ್ನು ಬಡ ಹೆಣ್ಣುಮಕ್ಕಳ ಮನೆಗಳಿಗೆ ಹಂಚಿದ್ದು ಸ್ತುತ್ಯವಾದ ಕೆಲಸವೇ ಸರಿ.

ಆದರೆ ಇದರಲ್ಲಿ ಒಂದು ಕೊರತೆಯಿದೆ. ಹೆಚ್ಚು ಮೊಟ್ಟೆಗಾಗಿ ಆರಿಸಿ ಆರಿಸಿ ಬೆಳೆಸಿದ ಕೋಳಿಯಲ್ಲಿ ಕಾವು ಕೂರುವ ಸ್ವಭಾವವು ಕುಂದುತ್ತದೆ. ಕಾವಿಗೆ ಕೂತ ಹೇಂಟೆ ಮೊಟ್ಟೆ ಇಡುವುದನ್ನು ನಿಲ್ಲಿಸುವುದರಿಂದ, ಹೆಚ್ಚು ಮೊಟ್ಟೆಯೂ ಕಾವೂ ಒಂದೇ ಕೋಳಿಯಲ್ಲಿ ಕೂಡಿ ಬರುವುದು ಕಷ್ಟ. ಅಲ್ಲದೆ ಗಿರಿರಾಜವು ಬೇರೆ ಬೇರೆ ತಳಿಗಳನ್ನು ಕೂಡಿಸಿ ಪಡೆದುದಾದ್ದರಿಂದ, ಅದರ ಮೊಟ್ಟೆಯನ್ನು ಹೇಗೋ ಮರಿ ಮಾಡಿಸಿದರೂ ಮರಿಗಳಿಗೆ ತಾಯಿತಂದೆಯ ಗುಣಗಳು ಪೂರ್ಣವಾಗಿ ಇಳಿಯುವುದಿಲ್ಲ. ಅಂದಮೇಲೆ ಇಂದು ಹತ್ತು ಮರಿಗಳನ್ನು ಪಡೆದ ತಾಯಿ, ಅವು ತೀರಿದ ತರುವಾಯ ಪುನಃ ಇಲಾಖೆಯ ಬಾಗಿಲಿಗೋ ಮರಿಕೇಂದ್ರದ ಬಾಗಿಲಿಗೋ ಹೋಗಿ ನಿಲ್ಲಬೇಕು. ಬೀಜವನ್ನು ಕಳೆದುಕೊಂಡ ರೈತನ ಸ್ಥಿತಿಗೂ ಕಾವು ಕೂರುವ ಕೋಳಿಯನ್ನು ಕಳೆದುಕೊಂಡ ಮನೆಯ ಸ್ಥಿತಿಗೂ ಭೇದವೇನು?

ನಾಟಿ ಕೋಳಿಯನ್ನು ಹೀನವೆಂದು ಬಗೆಯುವವರಿಗೆ ಇನ್ನೊಂದು ಮಾತು. ಲೋಕದ ಸಾಕುಕೋಳಿಗಳೆಲ್ಲವೂ ಏಷ್ಯಾಖಂಡದ ಕೆಂಪು ಕಾಡುಕೋಳಿಯ ಸಂತಾನವೆಂಬುದು ಬಹುಕಾಲದಿಂದ ತಿಳಿದಿರುವ ಸಂಗತಿ. ಆದರೆ ಹಳದಿ ಚರ್ಮ, ಹಳದಿ ಕಾಲುಗಳ ಗುಣವು ಕೆಂಪು ಕಾಡುಕೋಳಿಯದಲ್ಲವೆಂದೂ, ಅದು ಬಹುಶಃ ನಮ್ಮ ದಕ್ಷಿಣ ಹಿಂದೂಸ್ಥಾನದ ಬೂದು ಕಾಡುಕೋಳಿಯಿಂದ ಬಂದುದೆಂದೂ 2008ರಲ್ಲಿ ಸ್ವೀಡನ್ ದೇಶದ ವಿಜ್ಞಾನಿಗಳು ತೋರಿಸಿಕೊಟ್ಟರು. ಪಶ್ಚಿಮ ಘಟ್ಟದ ಕಾಡಂಚಿನಲ್ಲಿ ಬೆಳಗಿನ ಜಾವ ಕೂಗುವ ಹಕ್ಕಿಯೇ ಅದು. ಅದರ ರಕ್ತವು ಲೋಕದ ಎಷ್ಟೋ ದೇಶಗಳ ಕೋಳಿಗಳಲ್ಲಿ ಹರಿಯುತ್ತಿರುವಾಗ, ಅದರ ಕಾಡಿನ ನೆರೆಯಲ್ಲಿಯೇ ನಾಟಿ ಕೋಳಿಗೆ ಬೆಲೆಯಿಲ್ಲವೆಂದರೆ ನಾಚಿಕೆಯ ಮಾತಲ್ಲವೆ?

ಮರಿ ಮಾಡಿಸುವುದು ನಮ್ಮ ಹೆಣ್ಣುಮಕ್ಕಳಿಗೆ ಹೊಸ ವಿದ್ಯೆಯಲ್ಲ. ಬುಟ್ಟಿಯಲ್ಲಿ ಹೊಟ್ಟನ್ನೋ ಹುಲ್ಲನ್ನೋ ಹರಡಿ ಹತ್ತು ಹನ್ನೆರಡು ಮೊಟ್ಟೆಗಳನ್ನಿಟ್ಟು ಕತ್ತಲೆಯ ಮೂಲೆಯಲ್ಲಿ ಹೇಂಟೆಯನ್ನು ಕೂರಿಸುವ ಕ್ರಮ ಅಜ್ಜಿಯರ ಕಾಲದ್ದು. ಇಪ್ಪತ್ತೊಂದನೆಯ ದಿನ ಮರಿ ಹೊರಬರುತ್ತದೆ. ಯಂತ್ರದಲ್ಲಿ ಮರಿ ಮಾಡಿಸುವವರು ಮೂವತ್ತೇಳೂವರೆ ಡಿಗ್ರಿ ಶಾಖವನ್ನು ಹಗಲಿರುಳೂ ಕಾಯಬೇಕು. ಹದಿನೆಂಟನೆಯ ದಿನದವರೆಗೆ ಮೊಟ್ಟೆಗಳನ್ನು ದಿನಕ್ಕೆ ಹಲವು ಸಲ ತಿರುವಬೇಕು. ಕೊನೆಯ ಮೂರು ದಿನ ತಿರುವುದನ್ನು ನಿಲ್ಲಿಸಿ ತೇವವನ್ನು ಹೆಚ್ಚಿಸಬೇಕು. ನಡುವೆ ವಿದ್ಯುತ್ತು ಹೆಚ್ಚು ಹೊತ್ತು ಹೋದರೆ ಶ್ರಮವೆಲ್ಲ ಮಣ್ಣುಪಾಲು. ಇಷ್ಟನ್ನೂ ಕಾವಿನ ಕೋಳಿ ಬಿಡಿಗಾಸಿನ ಖರ್ಚಿಲ್ಲದೆ ಮಾಡುತ್ತದೆ. ತನ್ನ ಕೊಕ್ಕಿನಿಂದಲೇ ಮೊಟ್ಟೆಗಳನ್ನು ತಿರುವಿಕೊಳ್ಳುತ್ತದೆ. ಮರಿಗಳಿಗೆ ಮೇವು ಹೆಕ್ಕುವುದನ್ನೂ ಹದ್ದಿನ ನೆರಳಿಗೆ ಅಡಗುವುದನ್ನೂ ಕಲಿಸುತ್ತದೆ.

ಹಳೆಯ ಕ್ರಮಕ್ಕೆ ಹೊಸ ತಿಳಿವಳಿಕೆಯನ್ನು ನಾಲ್ಕು ಕಡೆ ಸೇರಿಸಿದರೆ ಸಾಕು. ಒಂದು ವಾರಕ್ಕಿಂತ ಹಳೆಯ ಮೊಟ್ಟೆಯನ್ನು ಕಾವಿಗಿಡಬಾರದು. ಕೂಡಿಡುವಾಗ ತಂಪಾದ ಸ್ಥಳದಲ್ಲಿ ಚೂಪು ತುದಿಯನ್ನು ಕೆಳಗೆ ಮಾಡಿಡಬೇಕು. ಕೂರಿಸುವ ಮೊದಲು ಹೇಂಟೆಯ ಮೈಯ ಹೇನನ್ನು ಕಳೆಯಬೇಕು. ನೀರನ್ನೂ ಕಾಳನ್ನೂ ಅದರ ಸಮೀಪದಲ್ಲೇ ಇಡಬೇಕು. ಏಳೆಂಟನೆಯ ದಿನ ರಾತ್ರಿ ಕತ್ತಲೆಯಲ್ಲಿ ಮೊಟ್ಟೆಯ ಹಿಂದೆ ದೀಪ ಹಿಡಿದು ನೋಡಿದರೆ, ಜೀವವಿರುವ ಮೊಟ್ಟೆಯಲ್ಲಿ ಜೇಡನ ಕಾಲಿನಂತೆ ರಕ್ತದ ಎಳೆಗಳು ಕಾಣುತ್ತವೆ, ಸ್ವಚ್ಛವಾಗಿ ಬೆಳಗುವುದು ಗೊಡ್ಡು, ಅದನ್ನು ತೆಗೆಯಬೇಕು. ಹೆಚ್ಚು ಮೊಟ್ಟೆ ಇಡುವ ತಳಿಯ ಮೊಟ್ಟೆಗಳನ್ನೂ ನಾಟಿ ಹೇಂಟೆಯ ಕೆಳಗೆ ಕೂರಿಸಬಹುದು. ಅದು ತನ್ನದು ಪರರದು ಎಂಬ ಭೇದವನ್ನು ಎಣಿಸದು.

ಇಷ್ಟೆಲ್ಲ ಆದ ಮೇಲೂ ಮರಿಗಳು ಸಾಯುವುದೇಕೆ? ಹದ್ದು, ಮುಂಗುಸಿ, ಬೆಕ್ಕುಗಳ ಬಾಯಿಗೆ ಹೋಗುವುದು ಒಂದು ಪಾಲು. ಮೊದಲ ಕೆಲವು ವಾರ ಮರಿಗಳನ್ನು ತಾಯಿಯೊಡನೆ ಕುಕ್ಕೆಯ ಕೆಳಗೆ ಕಾಪಾಡಿ ನುಚ್ಚನ್ನು ಹಾಕಿದರೆ ಈ ನಷ್ಟ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಒಂದೇ ವಾರದಲ್ಲಿ ಊರ ಕೋಳಿಗಳನ್ನೆಲ್ಲ ಬರಿದುಮಾಡುವ ಶತ್ರು ಬೇರೆಯಿದೆ. ಅದೇ ಕೊಕ್ಕರೆ ರೋಗ. ರಾಣಿಖೇತ್ ಎಂದು ನಮ್ಮ ದೇಶದ ಊರಿನ ಹೆಸರನ್ನೇ ಹೊತ್ತ ಈ ರೋಗಕ್ಕೆ ಮದ್ದಿಲ್ಲ, ಲಸಿಕೆಯುಂಟು. ಮರಿಗೆ ಐದಾರು ದಿನವಾದಾಗ ಕಣ್ಣಿಗೋ ಮೂಗಿಗೋ ಒಂದು ತೊಟ್ಟು, ಎಂಟು ವಾರಗಳ ಸುಮಾರಿಗೆ ಚುಚ್ಚುಮದ್ದು, ಇಷ್ಟೇ ಉಪಾಯ.

ಇಲ್ಲಿಯೇ ವ್ಯವಸ್ಥೆಯ ಲೋಪ ಎದ್ದು ಕಾಣುವುದು. ಲಸಿಕೆಯ ಒಂದು ಸೀಸೆಯಲ್ಲಿ ನೂರು, ಇನ್ನೂರು ಅಥವಾ ಇನ್ನೂ ಹೆಚ್ಚು ಕೋಳಿಗಳಿಗಾಗುವಷ್ಟು ಇರುತ್ತದೆ. ಅದನ್ನು ತಂಪಿನಲ್ಲಿಯೇ ತರಬೇಕು; ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಹತ್ತು ಕೋಳಿಯ ಮನೆಯವಳು ಸೀಸೆಯನ್ನು ಕೊಂಡು ಮಾಡುವುದೇನು? ಹತ್ತು ಹನಿ ಹಾಕಿ ಉಳಿದುದನ್ನು ಚೆಲ್ಲುವುದೇ? ಆದುದರಿಂದ ಅವಳು ಕೊಳ್ಳುವುದಿಲ್ಲ. ರೋಗ ಬಂದಾಗ ಹಣೆಬರಹವೆನ್ನುತ್ತಾಳೆ. ಇದು ಹಣೆಬರಹವಲ್ಲ, ಏರ್ಪಾಡಿನ ಕೊರತೆ. ಬಿಸಿಲನ್ನು ತಕ್ಕಮಟ್ಟಿಗೆ ತಾಳಬಲ್ಲ ಐ-2 ಎಂಬ ಲಸಿಕೆಯನ್ನು ಆಸ್ಟ್ರೇಲಿಯಾದವರು ಹಳ್ಳಿಯ ಕೋಳಿಗಳಿಗಾಗಿಯೇ ಸಿದ್ಧಪಡಿಸಿದರು. ಟಾಂಜಾನಿಯ, ಮೊಜಾಂಬಿಕ್ ಮೊದಲಾದ ಆಫ್ರಿಕದ ದೇಶಗಳಲ್ಲಿ ಹಳ್ಳಿಗರೇ ತರಬೇತಿ ಪಡೆದು ಮನೆಮನೆಗೆ ಹೋಗಿ ಅದನ್ನು ಹಾಕುತ್ತ ಬಂದಿದ್ದಾರೆ. ಅಲ್ಲಿ ಸಾಧ್ಯವಾದುದು ನಮ್ಮಲ್ಲಿ ಅಸಾಧ್ಯವೆಂದು ನಂಬಲು ಕಾರಣವಿಲ್ಲ.

ಈಗ ಸರಕಾರದ ಹಣದ ಕಡೆ ನೋಡೋಣ. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ 2021ರಿಂದ ಗ್ರಾಮೀಣ ಕೋಳಿ ಉದ್ಯಮಕ್ಕೆ ಬಂಡವಾಳದ ಅರ್ಧ, ಗರಿಷ್ಠ 25 ಲಕ್ಷ ರೂಪಾಯಿಗಳವರೆಗೆ ಸಹಾಯಧನ ಗೊತ್ತಾಗಿದೆ. ಆದರೆ ಅದಕ್ಕೆ ಕನಿಷ್ಠ ಸಾವಿರ ತಾಯಿಕೋಳಿಗಳೂ ಮರಿ ಮಾಡಿಸುವ ಯಂತ್ರವೂ ಬೇಕು. ಉದ್ಯಮಿಗಳು ಹುಟ್ಟಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಾವಿರ ಕೋಳಿ ಇಡಬಲ್ಲವನು ಬಡವನಲ್ಲ. ಐದು ಕೋಳಿಯವಳಿಗೆ ಈ ಯೋಜನೆಯ ಹೊಸ್ತಿಲೇ ಎಟುಕದು.

ಐದು ಕೋಳಿಯಿಂದ ಆಗುವುದೇನು ಎಂದು ಕೇಳುವವರಿಗೆ ಸರಳವಾದ ಗಣಿತ ಇಲ್ಲಿದೆ. ಹೇಂಟೆಯೊಂದಕ್ಕೆ ವರ್ಷಕ್ಕೆ 60ರಂತೆ 300 ಮೊಟ್ಟೆ. ಒಂದೊಂದನ್ನೂ ಎರಡೆರಡು ಸಲ ಹನ್ನೆರಡು ಮೊಟ್ಟೆಗಳ ಮೇಲೆ ಕೂರಿಸಿದರೆ 120 ಮೊಟ್ಟೆ ಕಾವಿಗೆ ಹೋದುವು. ಮನೆಗೆ 180 ಉಳಿದುವು. ಒಬ್ಬ ಮನುಷ್ಯನಿಗೆ ವರ್ಷಕ್ಕೆ ಬೇಕೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹೇಳಿರುವುದೂ 180. ಅಂದರೆ ಮನೆಯ ಒಂದು ಕೂಸಿನ ಪುಷ್ಟಿಗೆ ಅಷ್ಟು ಸಾಕು. ಕಾವಿಗಿಟ್ಟವುಗಳಲ್ಲಿ ನಾಲ್ಕರಲ್ಲಿ ಮೂರು ಮರಿಯಾದರೆ ತೊಂಬತ್ತು. ಅರ್ಧ ಸತ್ತರೂ ನಲವತ್ತೈದು. ಲಸಿಕೆಯಿಂದ ಮೂರರಲ್ಲಿ ಎರಡು ಉಳಿದರೆ ಅರವತ್ತು. ಆ ಹದಿನೈದು ಕೋಳಿಗಳ ವ್ಯತ್ಯಾಸದಲ್ಲಿ ಮಗುವಿನ ಪುಸ್ತಕವಿದೆ, ಮುದುಕಿಯ ಔಷಧವಿದೆ. ಮುಖ್ಯವಾಗಿ, ಈ ಹಣ ಹೆಣ್ಣಿನ ಸೆರಗಿನ ಗಂಟಿನಲ್ಲಿ ಉಳಿಯುವ ಹಣ. ಬೆಳೆ ಮಾರಿದ ರೊಕ್ಕಕ್ಕೆ ಗಂಡನೂ ಸಾಲಿಗನೂ ಒಡೆಯರು. ಕೋಳಿ ಮಾರಿದ ರೊಕ್ಕಕ್ಕೆ ಬಹುತೇಕ ಅವಳೇ ಒಡತಿ. ಭೂಮಿಯಿಲ್ಲದವಳೂ ನೆರೆಯವಳ ಹೇಂಟೆಯನ್ನು ಪಾಲಿಗೆ ತಂದು ಸಾಕಿ, ಮರಿಗಳಲ್ಲಿ ಅರ್ಧವನ್ನು ತನ್ನದಾಗಿಸಿಕೊಳ್ಳಬಲ್ಲಳು.

ಮೊಟ್ಟೆ ತಿನ್ನಬಹುದೇ ಬಾರದೇ ಎಂಬ ವಾದವನ್ನು ನಾವು ಇಲ್ಲಿ ಎತ್ತಿಕೊಂಡಿಲ್ಲ. ತಿನ್ನದವರ ವ್ರತಕ್ಕೆ ನಮ್ಮ ಗೌರವವಿದೆ. ತಿನ್ನುವವರ ಬದುಕನ್ನು ಕುರಿತು ಅಲಕ್ಷ್ಯ ಮಾಡುವುದು ಮಾತ್ರ ಯಾವ ವ್ರತದ ಅಂಗವೂ ಅಲ್ಲ.

ಅಧಿಕಾರಿಗಳಲ್ಲಿ ನಮ್ಮ ಬೇಡಿಕೆಗಳು ಮೂರೇ. ಪ್ರತಿ ಗ್ರಾಮ ಪಂಚಾಯತಿಯಲ್ಲಿಯೂ ವರ್ಷಕ್ಕೆ ಮೂರು ನಾಲ್ಕು ಲಸಿಕೆಯ ದಿನಗಳು ಗೊತ್ತಾಗಲಿ. ಡಂಗುರ ಹೊಡೆಸಿ ಊರ ಕೋಳಿಗಳಿಗೆಲ್ಲ ಒಂದೇ ಹೊತ್ತಿನಲ್ಲಿ ಹಾಕಿದರೆ ಸೀಸೆಯೂ ವ್ಯರ್ಥವಾಗದು. ಈ ಕೆಲಸಕ್ಕೆ ಊರ ಸ್ತ್ರೀಶಕ್ತಿ ಸಂಘದ ಒಬ್ಬಿಬ್ಬರಿಗೆ ತರಬೇತಿ ಕೊಟ್ಟು, ಕೋಳಿಯೊಂದಕ್ಕೆ ಇಷ್ಟೆಂದು ಕೂಲಿ ಗೊತ್ತುಮಾಡಲಿ. ಮೂರನೆಯದಾಗಿ, ಸುಧಾರಿತ ಮರಿಗಳನ್ನು ಹಂಚುವಾಗ ಅವುಗಳೊಡನೆ ಕಾವು ಕೂರುವ ಎರಡು ನಾಟಿ ಹೇಂಟೆಗಳನ್ನೂ ಕೊಡಲಿ. ಹಂಚಿದ ಮರಿಗಳ ಲೆಕ್ಕದ ಜೊತೆಗೆ ವರ್ಷದ ತರುವಾಯ ಉಳಿದವುಗಳ ಲೆಕ್ಕವನ್ನೂ ಪ್ರಕಟಿಸಲಿ.

ಸರಕಾರ ಮಾಡುವವರೆಗೆ ಕಾಯಬೇಕೆಂದು ನಾವು ಹೇಳುವುದಿಲ್ಲ. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದೆಂದು ತಿಳಿದ ಮುದುಕಿಯ ಕಥೆ ಹೇಳಿ ನಾವೆಲ್ಲ ನಕ್ಕಿದ್ದೇವೆ. ಅವಳ ಗರ್ವ ಹಾಸ್ಯಾಸ್ಪದವೇನೋ ಸರಿ. ಆದರೆ ತನ್ನದೆಂಬ ಕೋಳಿ ಅವಳ ಮನೆಯಲ್ಲಿತ್ತು. ಈ ಸಲದ ಸಂತೆಯಲ್ಲಿ ಒಳ್ಳೆಯ ಬೆಲೆ ಬಂದಿತೆಂದು ಕಾವಿಗೆ ಬಂದ ಹೇಂಟೆಯನ್ನು ಮಾರದಿರಿ ಎಂಬುದೇ ನಮ್ಮ ಗ್ರಾಮೀಣ ಸೋದರಿಯರಲ್ಲಿ ನಮ್ಮ ವಿಜ್ಞಾಪನೆ. ಅದೊಂದು ಮನೆಯಲ್ಲಿದ್ದರೆ ಮರಿಗಾಗಿ ಇನ್ನೊಬ್ಬರ ಬಾಗಿಲನ್ನು ಕಾಯುವ ಅಗತ್ಯ ಬೀಳದು.